ಹೋಸ್ಟಿಂಗ್ ಕಂಪನಿ ಯಾವುದಕ್ಕೆ ‘ಬೇಡ’ ಅನ್ನಬಹುದು, ಹೇಗೆ ಅನ್ನಬೇಕು?

ಹೋಸ್ಟಿಂಗ್ ಕಂಪನಿಯಿಂದ ವೆಬ್‌ಸೈಟ್‌ಗೆ ಸರ್ವರಿನಲ್ಲಿ ಜಾಗ ಬಾಡಿಗೆಗೆ ತಗೊಳ್ಳುವಾಗ ಒಂದು ಉದ್ದನೆಯ ನಿಯಮಪಟ್ಟಿ ಎದುರಾಗುತ್ತದೆ. ‘ಒಪ್ಪಿದ್ದೇನೆ’ ಅಂತ ಟಿಕ್ ಹಾಕಿ ಮುಂದೆ ಹೋಗುತ್ತೇವೆ. ಅದನ್ನು ನಿಜವಾಗಿ ಓದುವುದು ಸೈಟ್ ನಿಂತುಹೋದ ದಿನ.

ನನಗೂ ಹಾಗೇ ಆಯಿತು. ನಾನು ನೋಡಿಕೊಳ್ಳುತ್ತಿದ್ದ ಒಂದು ಚಿಕ್ಕ ಸೈಟ್ ಒಂದು ಬೆಳಿಗ್ಗೆ ತೆರೆಯಲಿಲ್ಲ. ನಮ್ಮ ಪುಟ ಇರಬೇಕಾದ ಕಡೆ ‘ಈ ಅಕೌಂಟ್ ಸಸ್ಪೆಂಡ್ ಆಗಿದೆ’ ಅನ್ನುವ ಒಂದು ಸಾಲು, ಅಷ್ಟೇ. ಏನಾಗಿದೆ ಅಂತ ಗೊತ್ತಾಗಲು ಎರಡು ದಿನ ಬೇಕಾಯಿತು. ಅಪ್‌ಡೇಟ್ ಮಾಡದೆ ಬಿಟ್ಟಿದ್ದ ಒಂದು ಪ್ಲಗಿನ್ (ಸೈಟಿಗೆ ಸೇರಿಸುವ ಚಿಕ್ಕ ಪ್ರೋಗ್ರಾಮ್) ಮೂಲಕ ಯಾರೋ ಒಳಗೆ ನುಗ್ಗಿದ್ದರು. ಚಿತ್ರಗಳನ್ನು ಇಡುವ ಫೋಲ್ಡರಿನಲ್ಲಿ, ಬ್ಯಾಂಕ್ ಒಂದರ ಲಾಗಿನ್ ಪುಟದ ಹಾಗೇ ಕಾಣುವ ಮೋಸದ ಪುಟ ಇಟ್ಟು ಹೋಗಿದ್ದರು. ಅದನ್ನು ನಂಬಿ ಎಷ್ಟು ಜನ ಪಾಸ್‌ವರ್ಡ್ ಕೊಟ್ಟರೋ, ಈಗಲೂ ನೆನೆದರೆ ಸಂಕಟ ಆಗುತ್ತದೆ. ಹೋಸ್ಟಿಂಗ್ ಕಂಪನಿ ಸೈಟ್ ನಿಲ್ಲಿಸಿದ್ದು ಸರಿಯೇ. ನನ್ನ ತಕರಾರು ಇರುವುದು ನಿಲ್ಲಿಸಿದ ರೀತಿಯ ಬಗ್ಗೆ. ಯಾವ ಫೈಲ್, ಯಾವ ದೂರು, ಸರಿಪಡಿಸಲು ಏನು ಮಾಡಬೇಕು, ಇದರಲ್ಲಿ ಒಂದನ್ನೂ ಅವರು ಹೇಳಲಿಲ್ಲ. ನಮ್ಮದೇ ಫೈಲುಗಳನ್ನು ನೋಡಲೂ ಬಿಡಲಿಲ್ಲ.

ಆಮೇಲೆ ಕೂತು ಆ ನಿಯಮಪಟ್ಟಿಯನ್ನು ಪೂರ್ತಿ ಓದಿದೆ. ಬೇರೆ ಕಂಪನಿಗಳ ಪಟ್ಟಿಗಳನ್ನೂ ಓದಿದೆ. ಎಲ್ಲ ಕಡೆ ಹೆಚ್ಚುಕಡಿಮೆ ಅದೇ ಮಾತುಗಳು. ಸ್ಪ್ಯಾಮ್ ಬೇಡ, ಮಾಲ್‌ವೇರ್ (ಹಾನಿ ಮಾಡುವ ಪ್ರೋಗ್ರಾಮ್) ಬೇಡ, ಮಕ್ಕಳ ಲೈಂಗಿಕ ಶೋಷಣೆಯ ಚಿತ್ರ ಬೇಡ, ಬೇರೆಯವರ ಕಾಪಿರೈಟ್ ವಸ್ತು ಬೇಡ, ಕ್ರಿಪ್ಟೋ ಮೈನಿಂಗ್ (ಕಂಪ್ಯೂಟರ್ ಓಡಿಸಿ ಕ್ರಿಪ್ಟೋ ಹಣ ಗಳಿಸುವುದು) ಬೇಡ, ಪೋರ್ಟ್ ಸ್ಕ್ಯಾನ್ (ಬೇರೆ ಯಂತ್ರದ ಯಾವ ಬಾಗಿಲು ತೆರೆದಿದೆ ಅಂತ ತಟ್ಟಿ ನೋಡುವುದು) ಬೇಡ, ಸರ್ವರ್ ಮೇಲೆ ಜಾಸ್ತಿ ಹೊರೆ ಬೇಡ, ‘ಆಕ್ಷೇಪಾರ್ಹ’ ವಿಷಯ ಬೇಡ. ಓದುತ್ತಾ ಹೋದರೆ ಗೊತ್ತಾಗುತ್ತದೆ, ಇವೆಲ್ಲ ಒಂದೇ ಜಾತಿಯ ‘ಬೇಡ’ಗಳಲ್ಲ. ಕೆಲವು ಕಾನೂನಿಗೆ ವಿರುದ್ಧವಾದ ಅಪರಾಧಗಳು. ಕೆಲವು ಅಪರಾಧ ಅಲ್ಲ, ಅದೇ ಸರ್ವರಿನಲ್ಲಿರುವ ಅಕ್ಕಪಕ್ಕದವರಿಗೆ ತೊಂದರೆ ಕೊಡುವಂಥವು. ಇನ್ನು ಕೆಲವು ಎರಡೂ ಅಲ್ಲ, ಕಂಪನಿಗೆ ಇಷ್ಟವಿಲ್ಲ, ಅಷ್ಟೇ. ಆದರೆ ಮೂರಕ್ಕೂ ಪಟ್ಟಿಯ ಕೊನೆಯಲ್ಲಿ ಬರೆದಿರುವ ಶಿಕ್ಷೆ ಒಂದೇ: ಯಾವಾಗ ಬೇಕಾದರೂ, ನೋಟಿಸ್ ಕೊಡದೆ, ಅಕೌಂಟ್ ನಿಲ್ಲಿಸಬಹುದು. ತೊಂದರೆ ಇರುವುದು ಇಲ್ಲೇ ಅಂತ ನನಗನ್ನಿಸುತ್ತದೆ.

ಅಕ್ಕಪಕ್ಕದವರ ವಿಷಯ ಮೊದಲು ನೋಡೋಣ, ಯಾಕೆಂದರೆ ಸಾಮಾನ್ಯ ಜನ ಸಿಕ್ಕಿಬೀಳುವುದು ಇದರಲ್ಲೇ ಜಾಸ್ತಿ. ಕಡಿಮೆ ದುಡ್ಡಿನ ಶೇರ್ಡ್ ಹೋಸ್ಟಿಂಗ್ ಅಂದರೆ ಒಂದೇ ಯಂತ್ರದಲ್ಲಿ ನೂರಾರು ಸೈಟುಗಳು ಇರುತ್ತವೆ. ಪ್ರೊಸೆಸರ್ ಒಂದೇ, ಡಿಸ್ಕ್ ಒಂದೇ, ಎಷ್ಟೋ ಸಲ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ಕೂಡ ಒಂದೇ. ಒಂದು ಸೈಟ್ ಸ್ಪ್ಯಾಮ್ ಕಳಿಸಿದರೆ ಕೆಟ್ಟ ಹೆಸರು ಬರುವುದು ಆ ಐಪಿ ವಿಳಾಸಕ್ಕೆ. 1998ರಲ್ಲಿ ಶುರುವಾದ ಸ್ಪ್ಯಾಮ್‌ಹೌಸ್‌ನಂಥ ಸಂಸ್ಥೆಗಳು ಇಂಥ ವಿಳಾಸಗಳ ಬ್ಲಾಕ್‌ಲಿಸ್ಟ್ ಇಟ್ಟಿರುತ್ತವೆ, ಪ್ರಪಂಚದ ಎಷ್ಟೋ ಮೇಲ್ ಸರ್ವರುಗಳು ಆ ಪಟ್ಟಿ ನೋಡಿಯೇ ಪತ್ರ ಒಳಗೆ ಬಿಡಬೇಕಾ ಬೇಡವಾ ಅಂತ ತೀರ್ಮಾನಿಸುತ್ತವೆ. ಹಾಗಾಗಿ ಒಬ್ಬ ಸ್ಪ್ಯಾಮ್ ಕಳಿಸಿದರೆ, ಅದೇ ಯಂತ್ರದಲ್ಲಿರುವ ಇನ್ನೊಬ್ಬರ ಬಿಲ್ಲು, ಶಾಲೆಯ ಸೂಚನೆ, ಕೆಲಸದ ಅರ್ಜಿ, ಯಾವುದೂ ಹೋಗಿ ಮುಟ್ಟುವುದಿಲ್ಲ. ಕಂಪನಿ ಕ್ರಮ ತಗೊಳ್ಳದೆ ಸುಮ್ಮನಿದ್ದರೆ ಅದರ ವಿಳಾಸಗಳ ದೊಡ್ಡ ಗುಂಪೇ ಪಟ್ಟಿಗೆ ಸೇರಬಹುದು. ದೊಡ್ಡ ಕ್ಲೌಡ್ ಕಂಪನಿಗಳು ಮೇಲ್ ಹೊರಡುವ 25ನೇ ಪೋರ್ಟನ್ನು ಮೊದಲಿನಿಂದಲೇ ಮುಚ್ಚಿಡುವುದು ಇದೇ ಕಾರಣಕ್ಕೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ತುಂಬಾ ಜನರಲ್ಲಿದೆ. ‘ನನ್ನದು ಪ್ರಾಮಾಣಿಕ ವ್ಯಾಪಾರ, ಮೋಸ ಇಲ್ಲ, ನಾನು ಕಳಿಸುವುದು ಹೇಗೆ ಸ್ಪ್ಯಾಮ್ ಆಗುತ್ತದೆ?’ ಅಂತ ಕೇಳುತ್ತಾರೆ. ಸ್ಪ್ಯಾಮ್ ಅನ್ನುವುದು ಪತ್ರದೊಳಗೆ ಏನಿದೆ ಅನ್ನುವುದರ ಮೇಲೆ ನಿಂತಿಲ್ಲ. ಪಡೆಯುವವರು ಕೇಳಿದ್ದರಾ ಇಲ್ಲವಾ ಅನ್ನುವುದೇ ಮುಖ್ಯ. ಹತ್ತು ಸಾವಿರ ಮೇಲ್ ವಿಳಾಸಗಳನ್ನು ಯಾರಿಂದಲೋ ಕೊಂಡು, ಎಲ್ಲರಿಗೂ ಒಳ್ಳೆಯ ವಸ್ತುವಿನ ಜಾಹೀರಾತನ್ನೇ ಕಳಿಸಿದರೂ ಅದು ಸ್ಪ್ಯಾಮೇ. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಈ ವಿಷಯದಲ್ಲಿ ಇನ್ನೂ ಬಿಗಿಯಾದವು. ಜಿಮೇಲ್ ಲೆಕ್ಕದಲ್ಲಿ ದಿನಕ್ಕೆ 5,000ಕ್ಕಿಂತ ಜಾಸ್ತಿ ಪತ್ರ ಕಳಿಸುವವರು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅನ್ನುವ ಗುರುತಿನ ದಾಖಲೆಗಳನ್ನು ಡೊಮೇನಿಗೆ (ಸೈಟಿನ ಹೆಸರಿಗೆ) ಹಾಕಿರಲೇಬೇಕು. ಸ್ಪ್ಯಾಮ್ ಅಂತ ದೂರುವವರ ಪ್ರಮಾಣ ಶೇ. 0.3 ಮುಟ್ಟಬಾರದು. ಅಂದರೆ ಸಾವಿರ ಪತ್ರದಲ್ಲಿ ಮೂರು ಜನ ಬಟನ್ ಒತ್ತಿದರೂ ಸಾಕು, ಮೇಲ್ ಹೋಗುವುದು ಕಷ್ಟ ಆಗುತ್ತದೆ. ಕೊಂಡ ಪಟ್ಟಿ ಈ ಪರೀಕ್ಷೆಯಲ್ಲಿ ಪಾಸಾಗುವುದು ಕಷ್ಟ.

ಸರ್ವರಿನ ಹೊರೆ ಇನ್ನೊಂದು. ‘ಅನ್‌ಲಿಮಿಟೆಡ್’ ಅಂತ ದೊಡ್ಡ ಅಕ್ಷರದಲ್ಲಿ ಮಾರುತ್ತಾರೆ. ಜಾಗ ಮಿತಿಯಿಲ್ಲ ಅನ್ನುತ್ತಾರೆ, ಆದರೆ ಫೈಲುಗಳ ಸಂಖ್ಯೆಗೆ ಮಿತಿ ಇರುತ್ತದೆ, ಪ್ರೊಸೆಸರ್ ಸಮಯಕ್ಕೆ ಮಿತಿ ಇರುತ್ತದೆ, ಒಂದೇ ಹೊತ್ತಿಗೆ ಎಷ್ಟು ಪ್ರೋಗ್ರಾಮ್ ಓಡಬಹುದು ಅನ್ನುವುದಕ್ಕೂ ಮಿತಿ ಇರುತ್ತದೆ. ಇದು ಪ್ರಾಮಾಣಿಕ ಮಾತಲ್ಲ. ಎಲ್ಲರೂ ಒಂದೇ ಸಲಕ್ಕೆ ಪೂರ್ತಿ ಬಳಸುವುದಿಲ್ಲ ಅನ್ನುವ ಲೆಕ್ಕದ ಮೇಲೆಯೇ ಶೇರ್ಡ್ ಹೋಸ್ಟಿಂಗ್ ಅಗ್ಗವಾಗಿ ಸಿಗುತ್ತದೆ, ಆ ಲೆಕ್ಕದಲ್ಲಿ ತಪ್ಪೇನೂ ಇಲ್ಲ. ಆ ಲೆಕ್ಕವನ್ನು ಗ್ರಾಹಕರಿಗೆ ಮೊದಲೇ ಸಂಖ್ಯೆಯಲ್ಲಿ ಹೇಳಬೇಕು. ಹೇಳದೆ ಮಾರಿ, ಆಮೇಲೆ ‘ಅತಿಯಾದ ಬಳಕೆ’ ಅಂತ ಅಕೌಂಟ್ ನಿಲ್ಲಿಸಿದರೆ ತಪ್ಪು ಯಾರದು? ಆದರೆ ಗ್ರಾಹಕರ ಕಡೆಯೂ ಒಂದು ವಿವೇಕ ಬೇಕು. ವೆಬ್‌ಸೈಟ್‌ಗೆ ಅಂತ ಕೊಟ್ಟ ಜಾಗದಲ್ಲಿ ಮನೆಯ ಎಲ್ಲ ವೀಡಿಯೊಗಳ ಬ್ಯಾಕಪ್ ಇಡುವುದು, ದಿನವಿಡೀ ಟೊರೆಂಟ್ ಓಡಿಸುವುದು, ಇದೆಲ್ಲ ಆ ದರಕ್ಕೆ ಸಿಗುವ ಸೇವೆ ಅಲ್ಲ ಅಂತ ನಮಗೂ ಗೊತ್ತಿರುತ್ತದೆ, ಅಲ್ವಾ?

ಕ್ರಿಪ್ಟೋ ಮೈನಿಂಗ್ ಬೇಡ ಅನ್ನುವ ನಿಯಮ ಹುಟ್ಟಿದ್ದೂ ಇದೇ ಲೆಕ್ಕದಿಂದ. ಮೈನಿಂಗ್ ಪ್ರೋಗ್ರಾಮ್ ಪ್ರೊಸೆಸರನ್ನು ಹಗಲು ರಾತ್ರಿ ಪೂರ್ತಿ ಹಿಂಡುತ್ತದೆ. ಉಚಿತ ಸೇವೆಗಳಿಗಂತೂ ಇದು ದೊಡ್ಡ ಪಿಡುಗಾಯಿತು. ನೂರಾರು ಸುಳ್ಳು ಅಕೌಂಟ್ ತೆರೆದು, ಪ್ರತಿಯೊಂದರಲ್ಲೂ ಸ್ವಲ್ಪ ಸ್ವಲ್ಪ ಮೈನಿಂಗ್ ಮಾಡಿಸುವವರು ಬಂದರು. ಬೇರೆಯವರು ಬರೆದ ಪ್ರೋಗ್ರಾಮ್‌ಗಳನ್ನು ಓಡಿಸಿಕೊಡುವ ಹೆರೋಕು ಕಂಪನಿ ತನ್ನ ಉಚಿತ ಪ್ಲ್ಯಾನನ್ನು 2022ರ ನವೆಂಬರ್‌ನಲ್ಲಿ ನಿಲ್ಲಿಸಿತು, ವಂಚನೆ ಮತ್ತು ದುರ್ಬಳಕೆ ತಡೆಯುವುದಕ್ಕೇ ತುಂಬಾ ಶ್ರಮ ಹೋಗುತ್ತಿದೆ ಅಂತ ಕಾರಣ ಕೊಟ್ಟಿತು. ಪ್ರೋಗ್ರಾಮಿಂಗ್ ಕಲಿಯುತ್ತಿದ್ದ ಎಷ್ಟೋ ಮಕ್ಕಳು ತಮ್ಮ ಮೊದಲ ಕೆಲಸವನ್ನು ಪ್ರಪಂಚಕ್ಕೆ ತೋರಿಸಿದ್ದು ಅಲ್ಲಿ. ಆ ಬಾಗಿಲು ಮುಚ್ಚಿದ್ದು ನನಗೆ ಇವತ್ತಿಗೂ ಬೇಸರದ ವಿಷಯ.

ಇನ್ನು ಅಪರಾಧಗಳು. ಇಲ್ಲಿ ಜಾಸ್ತಿ ಚರ್ಚೆ ಬೇಕಿಲ್ಲ. ಮಕ್ಕಳ ಶೋಷಣೆಯ ಚಿತ್ರ, ಪಾಸ್‌ವರ್ಡ್ ಕದಿಯುವ ಫಿಶಿಂಗ್ ಪುಟ, ಮಾಲ್‌ವೇರ್ ಹಂಚುವ ಸರ್ವರ್, ಇವನ್ನು ಕಂಡ ತಕ್ಷಣ ನಿಲ್ಲಿಸಬೇಕು, ನೋಟಿಸ್ ಕೊಟ್ಟು ಕಾಯಬಾರದು. ಫಿಶಿಂಗ್ ಪುಟ ಜಾಸ್ತಿ ಹಾನಿ ಮಾಡುವುದು ಮೊದಲ ಕೆಲವು ಗಂಟೆಗಳಲ್ಲೇ. ‘ಏನನ್ನೂ ಕೇಳುವುದಿಲ್ಲ’ ಅನ್ನುವ ಹೋಸ್ಟಿಂಗ್ ಹೇಗಿರುತ್ತದೆ ಅನ್ನುವುದಕ್ಕೆ ಇತಿಹಾಸದಲ್ಲಿ ಎರಡು ಉದಾಹರಣೆ ಸಾಕು. ಅಮೆರಿಕದಲ್ಲಿ ಮೆಕೋಲೊ ಅಂತ ಒಂದು ಕಂಪನಿ ಇತ್ತು. ಸ್ಪ್ಯಾಮ್ ಕಳಿಸುವ ದೊಡ್ಡ ದೊಡ್ಡ ಬಾಟ್‌ನೆಟ್‌ಗಳಿಗೆ (ಮಾಲೀಕರಿಗೆ ಗೊತ್ತಿಲ್ಲದೆ ಹಿಡಿತಕ್ಕೆ ತಗೊಂಡ ಕಂಪ್ಯೂಟರುಗಳ ಗುಂಪುಗಳಿಗೆ) ಆಜ್ಞೆ ಕೊಡುವ ಯಂತ್ರಗಳು ಅಲ್ಲಿದ್ದವು. 2008ರ ನವೆಂಬರ್‌ನಲ್ಲಿ ಅದಕ್ಕೆ ಇಂಟರ್ನೆಟ್ ಸಂಪರ್ಕ ಕೊಡುತ್ತಿದ್ದ ಎರಡು ಕಂಪನಿಗಳು ಕೈಬಿಟ್ಟವು. ಅದೇ ದಿನ ಇಡೀ ಪ್ರಪಂಚದ ಸ್ಪ್ಯಾಮ್ ಅರ್ಧಕ್ಕಿಂತ ಜಾಸ್ತಿ ಇಳಿಯಿತು ಅಂತ ಆಗ ಅಳೆದವರು ಹೇಳಿದರು. ಒಂದೇ ಒಂದು ಹೋಸ್ಟಿಂಗ್ ಕಂಪನಿ! ಕೆಲವು ತಿಂಗಳಲ್ಲಿ ಸ್ಪ್ಯಾಮ್ ಮತ್ತೆ ಏರಿತು, ಅವರು ಬೇರೆ ಜಾಗ ಹುಡುಕಿಕೊಂಡರು.

ಇನ್ನೊಂದು ಜರ್ಮನಿಯ ಸೈಬರ್‌ಬಂಕರ್. ಟ್ರಾಬೆನ್-ಟ್ರಾರ್ಬಾಖ್ ಅನ್ನುವ ಊರಿನಲ್ಲಿ, ಸೇನೆಯ ಹಳೆಯ ನೆಲದಡಿಯ ಬಂಕರಿನಲ್ಲಿ ಅದರ ಸರ್ವರುಗಳಿದ್ದವು. ವಾಲ್ ಸ್ಟ್ರೀಟ್ ಮಾರ್ಕೆಟ್ ಅನ್ನುವ ಡಾರ್ಕ್‌ನೆಟ್ (ಸಾಮಾನ್ಯ ಬ್ರೌಸರಿಗೆ ಸಿಗದ ಗುಪ್ತ ಇಂಟರ್ನೆಟ್) ಸಂತೆಯ ಸರ್ವರುಗಳೂ ಅಲ್ಲಿದ್ದವು. 2019ರ ಸೆಪ್ಟೆಂಬರ್‌ನಲ್ಲಿ ಪೊಲೀಸರು ದಾಳಿ ಮಾಡಿದರು. 2021ರ ಡಿಸೆಂಬರ್‌ನಲ್ಲಿ ಎಂಟು ಜನರಿಗೆ ಶಿಕ್ಷೆ ಆಯಿತು. ಈ ತೀರ್ಪಿನಲ್ಲಿ ಗಮನಿಸಬೇಕಾದ ಮಾತೊಂದಿದೆ. ಅವರಿಗೆ ಶಿಕ್ಷೆ ಆಗಿದ್ದು ಅಪರಾಧದ ಕೂಟ ಕಟ್ಟಿದ್ದಕ್ಕೆ. ಆ ಸರ್ವರುಗಳಲ್ಲಿ ನಡೆದ ಒಂದೊಂದು ಅಪರಾಧಕ್ಕೂ ನೆರವಾದರು ಅನ್ನುವ ಆರೋಪ ನಿಲ್ಲಲಿಲ್ಲ, ಯಾಕೆಂದರೆ ಒಂದೊಂದೂ ಅವರಿಗೆ ಗೊತ್ತಿತ್ತು ಅಂತ ಸಾಬೀತು ಮಾಡಲು ಆಗಲಿಲ್ಲ. ಹೋಸ್ಟಿಂಗ್ ಕಾನೂನಿನ ಗಂಟು ಇರುವುದು ಈ ‘ಗೊತ್ತಿತ್ತಾ’ ಅನ್ನುವ ಪ್ರಶ್ನೆಯಲ್ಲೇ. ಬಾಡಿಗೆದಾರ ಏನು ಮಾಡಿದರೂ ಮನೆ ಮಾಲೀಕನೇ ಹೊಣೆ ಅಂತ ಹೇಳಿದರೆ ಯಾರೂ ಬಾಡಿಗೆಗೆ ಕೊಡುವುದಿಲ್ಲ. ಗೊತ್ತಾದ ಮೇಲೂ ಸುಮ್ಮನಿದ್ದರೆ ಆಗ ಹೊಣೆ ಬರುತ್ತದೆ. ಬಹಳಷ್ಟು ದೇಶಗಳ ಕಾನೂನು ಹೆಚ್ಚುಕಡಿಮೆ ಈ ದಾರಿಯಲ್ಲೇ ಹೋಗಿದೆ.

ಈ ದಾರಿಯ ದೊಡ್ಡ ಹಳ್ಳ ಅಂದರೆ ಕಾಪಿರೈಟ್ ದೂರುಗಳು. ಅಮೆರಿಕದ 1998ರ ಡಿಎಂಸಿಎ ಕಾನೂನಿನ ಪ್ರಕಾರ, ‘ಇದು ನನ್ನ ವಸ್ತು’ ಅಂತ ಯಾರಾದರೂ ಸರಿಯಾದ ರೂಪದಲ್ಲಿ ದೂರು ಕೊಟ್ಟರೆ ಹೋಸ್ಟ್ ಅದನ್ನು ಬೇಗ ತೆಗೆಯಬೇಕು. ತೆಗೆಯದಿದ್ದರೆ ಅದಕ್ಕಿರುವ ಕಾನೂನಿನ ರಕ್ಷಣೆ ಹೋಗುತ್ತದೆ. ಸೈಟಿನವರು ‘ಅಲ್ಲ, ಇದು ತಪ್ಪು ದೂರು’ ಅಂತ ಎದುರು ನೋಟಿಸ್ ಕೊಡಬಹುದು. ಕೊಟ್ಟರೆ, ದೂರುದಾರರು ಕೋರ್ಟಿಗೆ ಹೋಗದಿದ್ದರೆ, 10ರಿಂದ 14 ಕೆಲಸದ ದಿನಗಳೊಳಗೆ ವಾಪಸ್ ಹಾಕಬೇಕು. ಓದಲು ನ್ಯಾಯವಾಗಿಯೇ ಇದೆ. ಆದರೆ ಕಂಪನಿಯ ಜಾಗದಲ್ಲಿ ನಿಂತು ನೋಡಿ. ದೂರು ನಿಜವಾ ಸುಳ್ಳಾ ಅಂತ ಪರೀಕ್ಷಿಸಲು ವಕೀಲರಿಗೆ ದುಡ್ಡು ಕೊಡಬೇಕು, ತಿಂಗಳಿಗೆ ಚಿಲ್ಲರೆ ಕಾಸು ಕೊಡುವ ಗ್ರಾಹಕನಿಗೋಸ್ಕರ ಅಷ್ಟು ಖರ್ಚು ಮಾಡುವವರು ಯಾರು? ತೆಗೆದುಬಿಟ್ಟರೆ ಮುಗಿಯಿತು. ಇದನ್ನು ಚೆನ್ನಾಗಿ ತಿಳಿದವರು ತಮ್ಮನ್ನು ಟೀಕಿಸುವ ಬರಹಗಳನ್ನು ಅಳಿಸಲು ಕಾಪಿರೈಟ್ ದೂರನ್ನೇ ಆಯುಧ ಮಾಡಿಕೊಂಡಿದ್ದಾರೆ. ಎರಡು ವಾರ ಪುಟ ಕಾಣದಿದ್ದರೆ ಸಾಕು, ಸುದ್ದಿ ತಣ್ಣಗಾಗುತ್ತದೆ.

ಮೂರನೆಯ ‘ಬೇಡ’ ಬರುವಷ್ಟರಲ್ಲಿ ವಿಷಯ ಇನ್ನೂ ಜಟಿಲ ಆಗುತ್ತದೆ. ಎಷ್ಟೋ ದೇಶಗಳಲ್ಲಿ ಕಾನೂನು ಬಿಡುತ್ತದೆ, ಅಕ್ಕಪಕ್ಕದವರಿಗೂ ತೊಂದರೆ ಇಲ್ಲ, ಆದರೆ ಕಂಪನಿ ಬೇಡ ಅನ್ನುತ್ತದೆ. ವಯಸ್ಕರ ವಿಷಯ, ಜೂಜಿನ ಸೈಟು, ಟಾರ್ ರಿಲೇ (ಬಳಸುವವರ ಗುರುತು ಮರೆಮಾಡುವ ಜಾಲದ ಯಂತ್ರ), ಹೀಗೆ. ಜರ್ಮನಿಯ ಹೆಟ್ಸ್‌ನರ್ ಕಂಪನಿಯ ನಿಯಮದಲ್ಲಿ ಕ್ರಿಪ್ಟೋ ಸಂಬಂಧದ ಕೆಲಸಕ್ಕೆ ಅವಕಾಶ ಇರಲಿಲ್ಲ. ಆದರೂ ಸೊಲಾನಾ ಅನ್ನುವ ಕ್ರಿಪ್ಟೋ ಹಣದ ಜಾಲವನ್ನು ನಡೆಸುವ ವ್ಯಾಲಿಡೇಟರ್‌ಗಳಲ್ಲಿ (ವ್ಯವಹಾರಗಳನ್ನು ಪರಿಶೀಲಿಸುವ ಸರ್ವರುಗಳಲ್ಲಿ) ದೊಡ್ಡ ಪಾಲು ಅಲ್ಲೇ ಇತ್ತು. 2022ರ ನವೆಂಬರ್‌ನಲ್ಲಿ ಕಂಪನಿ ಅವುಗಳನ್ನು ನಿಲ್ಲಿಸಿದಾಗ ಸುಮಾರು ಸಾವಿರ ವ್ಯಾಲಿಡೇಟರ್‌ಗಳು ಒಮ್ಮೆಗೇ ಕಾಣೆಯಾದವು. ಯಾರ ಹಿಡಿತದಲ್ಲೂ ಇಲ್ಲ ಅಂತ ಹೆಮ್ಮೆಯಿಂದ ಹೇಳಿಕೊಂಡಿದ್ದ ಜಾಲದ ಐದನೇ ಒಂದು ಪಾಲು ಒಂದೇ ಕಂಪನಿಯ ನಿಯಮದ ಮೇಲೆ ನಿಂತಿತ್ತು. ಇಲ್ಲಿ ನಾನು ಕಂಪನಿಯನ್ನು ದೂರುವುದಿಲ್ಲ. ನಿಯಮ ಬರೆದಿಟ್ಟಿತ್ತು. ಓದಿ ಒಳಗೆ ಬರಬೇಕಿತ್ತು.

ಮಾತು, ಅಭಿಪ್ರಾಯದ ವಿಷಯ ಬಂದಾಗ ನನ್ನ ಉತ್ತರ ಅಷ್ಟು ಸಲೀಸಾಗಿ ಬರುವುದಿಲ್ಲ. 2010ರ ಡಿಸೆಂಬರ್‌ನಲ್ಲಿ ಅಮೆಜಾನ್, ಸರ್ಕಾರಗಳ ಗುಟ್ಟಿನ ದಾಖಲೆ ಬಯಲಿಗೆ ಹಾಕುವ ವಿಕಿಲೀಕ್ಸನ್ನು ತನ್ನ ಸರ್ವರಿನಿಂದ ಹೊರಗೆ ಹಾಕಿತು. 2021ರ ಜನವರಿಯಲ್ಲಿ, ಅಮೆರಿಕದ ಸಂಸತ್ ಭವನದ ಮೇಲೆ ದಾಳಿ ಆದ ಕೆಲವೇ ದಿನಗಳಲ್ಲಿ, ಪಾರ್ಲರ್ ಅನ್ನುವ ಸಾಮಾಜಿಕ ಜಾಲವನ್ನೂ ಹೊರಗೆ ಹಾಕಿತು. ಹಿಂಸೆಗೆ ಕರೆ ಕೊಡುವ ಪೋಸ್ಟುಗಳನ್ನು ಪಾರ್ಲರ್ ತೆಗೆಯುತ್ತಿಲ್ಲ ಅನ್ನುವುದು ಕಾರಣ. ಪಾರ್ಲರ್ ಕೋರ್ಟಿಗೆ ಹೋಯಿತು, ತಕ್ಷಣ ವಾಪಸ್ ಸೇರಿಸಿ ಅನ್ನುವ ಆದೇಶ ಸಿಗಲಿಲ್ಲ. ಕ್ಲೌಡ್‌ಫ್ಲೇರ್ ಹೋಸ್ಟಿಂಗ್‌ಗಿಂತ ಸ್ವಲ್ಪ ಬೇರೆ, ಸೈಟುಗಳ ಮುಂದೆ ನಿಂತು ದಾಳಿಯಿಂದ ಕಾಯುವ ಸೇವೆ. ಅದು 2017ರಲ್ಲಿ ಡೈಲಿ ಸ್ಟಾರ್ಮರ್ ಅನ್ನುವ ನಾಜಿ ಸೈಟನ್ನು, 2019ರಲ್ಲಿ 8ಚಾನ್ ಅನ್ನುವ ಚರ್ಚಾ ಸೈಟನ್ನು, 2022ರಲ್ಲಿ ಜನರನ್ನು ಗುರಿಮಾಡಿ ಕಾಡುವ ಕಿವಿ ಫಾರ್ಮ್ಸ್ ಅನ್ನುವ ಚರ್ಚಾ ಸೈಟನ್ನು ಕೈಬಿಟ್ಟಿತು. ಮೊದಲ ಸಲ ಕೈಬಿಟ್ಟಾಗ ಅದರ ಮುಖ್ಯಸ್ಥ ಮ್ಯಾಥ್ಯೂ ಪ್ರಿನ್ಸ್ ತಾವೇ ಬಹಿರಂಗವಾಗಿ ಆತಂಕ ತೋಡಿಕೊಂಡರು. ಒಬ್ಬ ಮನುಷ್ಯ ಬೆಳಿಗ್ಗೆ ಎದ್ದು ಯಾರು ಇಂಟರ್ನೆಟ್‌ನಲ್ಲಿ ಇರಬೇಕು ಅಂತ ತೀರ್ಮಾನಿಸುವ ಹಾಗೆ ಇರಬಾರದು ಅನ್ನುವುದು ಅವರ ಮಾತಿನ ಸಾರ.

ಆ ಸೈಟುಗಳ ಬಗ್ಗೆ ನನಗೆ ಕನಿಕರ ಇಲ್ಲ. ಜನರನ್ನು ಬೆನ್ನಟ್ಟಿ ಹಿಂಸಿಸುವ ಜಾಗ ನಿಂತುಹೋದರೆ ಒಳ್ಳೆಯದೇ. ಆದರೆ ಒಂದು ವ್ಯತ್ಯಾಸ ನೆನಪಿಡಬೇಕು. ಸಾಮಾಜಿಕ ಜಾಲದ ಕಂಪನಿ ಬೇಡದ ಒಂದು ಪೋಸ್ಟ್ ತೆಗೆಯಬಹುದು, ಉಳಿದದ್ದು ಹಾಗೇ ಇರುತ್ತದೆ. ಹೋಸ್ಟ್ ಕೈಯಲ್ಲಿ ಸಾಮಾನ್ಯವಾಗಿ ಅಷ್ಟು ಸಣ್ಣ ಕತ್ತರಿ ಇರುವುದಿಲ್ಲ. ಅದರ ಹತ್ತಿರ ಇರುವುದು ಒಂದು ಸ್ವಿಚ್. ಒತ್ತಿದರೆ ಇಡೀ ಸೈಟ್ ಹೋಗುತ್ತದೆ, ಒಂದು ಕೆಟ್ಟ ಪುಟದ ಜೊತೆ ಸಾವಿರ ಒಳ್ಳೆಯ ಪುಟಗಳೂ ಹೋಗುತ್ತವೆ. ಡೊಮೇನ್ ಹೆಸರು ಕೊಡುವವರು, ಅದಕ್ಕೂ ಕೆಳಗೆ ಕೇಬಲ್ ಸಂಪರ್ಕ ಕೊಡುವವರು, ಹೀಗೆ ಒಂದೊಂದು ಮೆಟ್ಟಿಲು ಇಳಿದ ಹಾಗೂ ಸ್ವಿಚ್ ದೊಡ್ಡದಾಗುತ್ತಾ ಹೋಗುತ್ತದೆ. ಹಾಗಾಗಿ ಇಳಿದಷ್ಟೂ ‘ನಮಗೆ ಇಷ್ಟವಿಲ್ಲ’ ಅನ್ನುವ ಕಾರಣಕ್ಕೆ ಅದನ್ನು ಒತ್ತುವ ಹಕ್ಕು ಕಿರಿದಾಗಬೇಕು ಅನ್ನುವುದು ನನ್ನ ನಿಲುವು. ಒತ್ತಲೇಬೇಕಾದರೆ ಕಾರಣ ಬರವಣಿಗೆಯಲ್ಲಿ ಇರಬೇಕು, ಬೇರೆ ಕಡೆ ಹೋಗಲು ಸಮಯ ಕೊಡಬೇಕು, ಡೇಟಾ ತಗೊಂಡು ಹೋಗಲು ಬಿಡಬೇಕು. ‘ಆಕ್ಷೇಪಾರ್ಹ’ ಅನ್ನುವ ಒಂದೇ ಪದ ನಿಯಮ ಆಗುವುದಿಲ್ಲ. ಯಾರ ಆಕ್ಷೇಪ, ಯಾವುದಕ್ಕೆ, ಅನ್ನುವುದು ಅದರಲ್ಲಿ ಇಲ್ಲವಲ್ಲ.

ಇದು ಬರೀ ನನ್ನ ಆಸೆ ಅಲ್ಲ. ಯುರೋಪಿನ ಒಕ್ಕೂಟದ ಡಿಜಿಟಲ್ ಸರ್ವಿಸಸ್ ಆಕ್ಟ್ 2024ರ ಫೆಬ್ರವರಿ 17ರಿಂದ ಪೂರ್ತಿ ಜಾರಿಗೆ ಬಂದಿದೆ. ಅದರ 17ನೇ ವಿಧಿಯ ಪ್ರಕಾರ ಹೋಸ್ಟಿಂಗ್ ಸೇವೆಯವರು ವಿಷಯ ತೆಗೆದರೆ, ಅಕೌಂಟ್ ನಿಲ್ಲಿಸಿದರೆ, ಅದರಿಂದ ತೊಂದರೆಗೆ ಒಳಗಾದವರಿಗೆ ಕಾರಣವನ್ನು ಸ್ಪಷ್ಟವಾಗಿ ಹೇಳಬೇಕು. ಯಾವ ಸಂಗತಿಯ ಮೇಲೆ ನಿರ್ಧಾರ ಆಯಿತು, ಕಾನೂನು ಮುರಿದದ್ದಕ್ಕಾ ಅಥವಾ ಕಂಪನಿಯ ನಿಯಮ ಮುರಿದದ್ದಕ್ಕಾ, ಯಂತ್ರವೇ ನಿರ್ಧರಿಸಿತಾ, ಪ್ರಶ್ನಿಸಬೇಕಾದರೆ ದಾರಿ ಯಾವುದು, ಎಲ್ಲವನ್ನೂ ಹೇಳಬೇಕು. ರಾಶಿ ರಾಶಿ ಮೋಸದ ಜಾಹೀರಾತಿಗೆ ಇದರಿಂದ ವಿನಾಯಿತಿ ಇದೆ. ‘ಕಾನೂನಾ, ಕಂಪನಿಯ ನಿಯಮವಾ’ ಅಂತ ಬಿಡಿಸಿ ಹೇಳಬೇಕು ಅನ್ನುವ ಭಾಗ ನನಗೆ ತುಂಬಾ ಇಷ್ಟವಾಯಿತು. ಒಂದೇ ಪಟ್ಟಿಯಲ್ಲಿ ಕಲಸಿಟ್ಟ ಬೇರೆ ಬೇರೆ ‘ಬೇಡ’ಗಳನ್ನು ಬೇರೆ ಮಾಡುವ ಕೆಲಸ ಅಲ್ಲಿಂದಲೇ ಶುರುವಾಗುತ್ತದೆ. ಹ್ಯಾಕ್ ಆದ ಸೈಟಿನ ಮಾಲೀಕನೂ ಬೇಕಂತಲೇ ಮೋಸ ಮಾಡಿದವನೂ ಒಂದೇ ಅಲ್ಲ ಅಂತ ಗೊತ್ತಾಗಬೇಕಾದರೆ, ಯಾರಾದರೂ ಆ ಕಾರಣವನ್ನು ಕೂತು ಬರೆಯಬೇಕು.

ಕಾನೂನು ಎಲ್ಲ ಕಡೆ ಬರುವ ತನಕ ಸೈಟ್ ನಡೆಸುವವರು ತಾವೇ ಮಾಡಿಕೊಳ್ಳಬಹುದಾದ ಕೆಲಸಗಳಿವೆ. ಪ್ರಪಂಚದ ಸೈಟುಗಳಲ್ಲಿ ಶೇ. 40ಕ್ಕಿಂತ ಜಾಸ್ತಿ, ಸೈಟ್ ಕಟ್ಟುವ ಸಾಫ್ಟ್‌ವೇರ್ ಆದ ವರ್ಡ್‌ಪ್ರೆಸ್ ಮೇಲೆ ಓಡುತ್ತವೆ, ಅವುಗಳಿಗೆ ನುಗ್ಗುವವರು ಬರುವುದು ಹೆಚ್ಚಾಗಿ ಹಳೆಯ ಪ್ಲಗಿನ್ ಮೂಲಕ. ಬಳಸದ ಪ್ಲಗಿನ್ ತೆಗೆದುಹಾಕಿ, ಬಳಸುವುದನ್ನು ಅಪ್‌ಡೇಟ್ ಮಾಡಿ. ಡೊಮೇನನ್ನು ಹೋಸ್ಟಿಂಗ್ ಕಂಪನಿಯಲ್ಲೇ ತಗೊಳ್ಳಬೇಡಿ, ಬೇರೆ ಕಡೆ ಇದ್ದರೆ ಕಷ್ಟ ಬಂದ ದಿನ ಹೊಸ ಸರ್ವರಿಗೆ ತಿರುಗಿಸಬಹುದು. ಬ್ಯಾಕಪ್ ಬೇರೆ ಕಂಪನಿಯಲ್ಲಿ ಇರಲಿ. 2021ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟಾಗ, ಬ್ಯಾಕಪ್ಪನ್ನೂ ಅಲ್ಲೇ ಇಟ್ಟವರಲ್ಲಿ ಕೆಲವರಿಗೆ ಎರಡೂ ಹೋದವು. ಅಕೌಂಟ್ ಸಸ್ಪೆಂಡ್ ಆದ ದಿನವೂ ಪರಿಸ್ಥಿತಿ ಅದೇ. ಭದ್ರತೆಯ ಪರೀಕ್ಷೆಗೆ ಸ್ಕ್ಯಾನ್ ಮಾಡುವವರು, ಮಾಲ್‌ವೇರ್ ಮಾದರಿ ಇಟ್ಟು ಅಧ್ಯಯನ ಮಾಡುವವರು ಕೆಲಸ ಶುರು ಮಾಡುವ ಮುಂಚೆ ಹೋಸ್ಟ್‌ಗೆ ಬರೆದು ಅನುಮತಿ ತಗೊಳ್ಳಿ. ನಿಮ್ಮ ಉದ್ದೇಶ ಒಳ್ಳೆಯದು ಅಂತ ದೂರು ಕೊಡುವ ಯಂತ್ರಕ್ಕೆ ಗೊತ್ತಾಗುವುದಿಲ್ಲ.

ಇನ್ನೊಂದು, ತುಂಬಾ ಸಣ್ಣದು, ನನಗೆ ಪೆಟ್ಟು ಕೊಟ್ಟಿದ್ದು. ಹೋಸ್ಟಿಂಗ್ ಅಕೌಂಟಿಗೆ ಕೊಡುವ ಮೇಲ್ ವಿಳಾಸ ಅದೇ ಹೋಸ್ಟಿಂಗ್‌ನಲ್ಲಿರುವ ಡೊಮೇನಿನದ್ದು ಆಗಿರಬಾರದು. ನಮ್ಮದು ಹಾಗೇ ಇತ್ತು. ಸೈಟ್ ನಿಂತಾಗ ಮೇಲ್ ಕೂಡ ನಿಂತಿತು. ಎರಡು ದಿನ ಸಹಾಯ ಕೇಳುವ ಟಿಕೆಟ್ ಮೇಲೆ ಟಿಕೆಟ್ ಹಾಕಿದ ಮೇಲೆ ಕಂಪನಿಯವರು ‘ನಿಮಗೆ ನೋಟಿಸ್ ಕಳಿಸಿದ್ದೆವು’ ಅಂದರು. ಕಳಿಸಿದ್ದರು, ನಿಜ. ಅವರೇ ಮುಚ್ಚಿದ ಪೆಟ್ಟಿಗೆಗೆ. ಆಮೇಲೆ ಸಿಕ್ಕಿದಾಗ ತೆರೆದು ನೋಡಿದೆ. ಎರಡೇ ಸಾಲು, ಫೈಲಿನ ಹೆಸರು ಅದರಲ್ಲೂ ಇರಲಿಲ್ಲ. ಮೂರನೇ ದಿನ ಯಾರೋ ಒಬ್ಬ ಒಳ್ಳೆಯ ಸಿಬ್ಬಂದಿ ಫೋಲ್ಡರಿನ ಪೂರ್ತಿ ದಾರಿಯನ್ನು ಬರೆದು ಕಳಿಸಿದರು. ಆ ಪುಟ ಅಳಿಸಿ, ಪ್ಲಗಿನ್ ತೆಗೆದು, ಪಾಸ್‌ವರ್ಡ್ ಬದಲಿಸಲು ಹಿಡಿದದ್ದು ಇಪ್ಪತ್ತು ನಿಮಿಷ.